ಬೆಂಗಳೂರಿಗಿಂತ ಮೊದಲು ಟಿವಿ ಕಂಡ ಹಳ್ಳಿಗಳು

ಕನ್ನಡ ನಾಡಿಗೆ ಟೆಲಿವಿಷನ್ ಮೊದಲು ಕಾಲಿಟ್ಟದ್ದು ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ಬೆಂಗಳೂರು ಎಂಬ ಉತ್ತರ ಥಟ್ಟನೆ ಬರುತ್ತದೆ. ರಾಜಧಾನಿಗೆ ಬಾರದ್ದು ಬೇರೆ ಊರಿಗೆ ಮೊದಲು ಬಂದೀತು ಎಂದು ಊಹಿಸುವುದು ನಮಗೆ ಅಭ್ಯಾಸವಿಲ್ಲ. ಆದರೆ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್‌ನಲ್ಲಿ, ಆಗಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಸುಮಾರು 400 ಹಳ್ಳಿಗಳ ಜನ ಶಾಲೆಯ ಜಗುಲಿಯಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಕುಳಿತು ಕನ್ನಡ ಮಾತನಾಡುವ ಟಿವಿ ನೋಡಿದರು. ಅದೂ ಎಂಥ ಟಿವಿ? 36 ಸಾವಿರ ಕಿಲೋಮೀಟರ್ ಎತ್ತರದ ಕೃತಕ ಉಪಗ್ರಹದಿಂದ ನೇರವಾಗಿ ಇಳಿದು ಬರುತ್ತಿದ್ದ ಟಿವಿ!

ಇದು 'ಉಪಗ್ರಹ ಆಧಾರಿತ ಬೋಧನಾ ಟೆಲಿವಿಷನ್ ಪ್ರಯೋಗ'ದ ಕಥೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು 'ಸೈಟ್' ಎಂದು ಕರೆದರು. (ಸೈಟ್ ಎಂದರೆ ಮೂವತ್ತು-ನಲವತ್ತರ ನಿವೇಶನ ಎಂದಷ್ಟೇ ತಿಳಿದಿರುವ ಬೆಂಗಳೂರಿಗರು ಕ್ಷಮಿಸಬೇಕು.) 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ನಡೆದ ಈ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ ಮತ್ತು ರಾಜಸ್ಥಾನ ಆ ಆರು ರಾಜ್ಯಗಳು. ಇಷ್ಟು ದೊಡ್ಡ ಪ್ರಮಾಣದಲ್ಲಿ ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿವಿ ತಲುಪಿಸುವ ಕೆಲಸವನ್ನು ಅದುವರೆಗೆ ಯಾವ ದೇಶವೂ ಮಾಡಿರಲಿಲ್ಲ.

ಸ್ವಾತಂತ್ರ್ಯ ಬಂದು ಮೂರು ದಶಕವೂ ತುಂಬದ, ಹೊಟ್ಟೆಗೆ ಬೇಕಾದ ಗೋಧಿಯನ್ನು ಕೆಲವೇ ವರ್ಷಗಳ ಹಿಂದೆ ಹಡಗಿನಲ್ಲಿ ತರಿಸಿಕೊಂಡ ದೇಶವೊಂದು ಇಂಥ ಸಾಹಸಕ್ಕೆ ಇಳಿದದ್ದೇಕೆ?

ಸಾರಾಭಾಯಿ ಲೆಕ್ಕ

ಇದರ ಬೀಜ ಬಿತ್ತಿದವರು ವಿಕ್ರಮ್ ಸಾರಾಭಾಯಿ. ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ 1919ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ಮಾಡಿದವರು ಅವರು. 1963ರಲ್ಲಿ ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ಟಿನ ಹಿಂದೆ ಇದ್ದವರೂ ಅವರೇ.

ವಸಾಹತು ಆಳ್ವಿಕೆ ನಮಗೆ ವಿಜ್ಞಾನ, ತಂತ್ರಜ್ಞಾನ ಕೊಡಲೇ ಇಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ರೈಲು ಕೊಟ್ಟರು, ತಂತಿ ಕೊಟ್ಟರು, ಭೂಮಾಪನ ಕೊಟ್ಟರು. ಆದರೆ ಕೊಟ್ಟದ್ದು ಯಾರ ಅನುಕೂಲಕ್ಕೆ? 1850ರ ದಶಕದಲ್ಲಿ ಹಾಕಿದ ತಂತಿ ಮಾರ್ಗಗಳು 1857ರ ದಂಗೆಯನ್ನು ಅಡಗಿಸಲು ಬ್ರಿಟಿಷರಿಗೆ ನೆರವಾದವು. ತಂತಿ ಹೋದದ್ದು ದಂಡು, ಬಂದರು, ಕಚೇರಿಗಳಿರುವ ಕಡೆಗೆ. ಹಳ್ಳಿಗೆ ತಂತಿ ಎಂದರೆ ಸಾವಿನ ಸುದ್ದಿ ಎಂದೇ ಅರ್ಥ. ಸ್ವಾತಂತ್ರ್ಯಾನಂತರವೂ ಸೌಲಭ್ಯಗಳು ಹರಿದದ್ದು ಅದೇ ಕಾಲುವೆಯಲ್ಲಿ. ದೆಹಲಿಯಲ್ಲಿ 1959ರಲ್ಲಿ ಟಿವಿ ಪ್ರಾಯೋಗಿಕವಾಗಿ ಆರಂಭವಾಯಿತು. ಬೊಂಬಾಯಿಗೆ ಬರಲು 1972 ಆಯಿತು. ದೊಡ್ಡ ನಗರಗಳಿಗೆ ಮೊದಲು, ಆಮೇಲೆ ಸಣ್ಣ ನಗರ, ಆಮೇಲೆ ತಾಲ್ಲೂಕು ಕೇಂದ್ರ, ಕೊನೆಗೆ ಉಳಿದಿದ್ದರೆ ಹಳ್ಳಿಗೆ. ಈ ವೇಗದಲ್ಲಿ ಹೋದರೆ ಸುರಪುರದ ಆಚೆಯ ಒಂದು ಹಳ್ಳಿಗೆ ಟಿವಿ ಬರಲು ಎಷ್ಟು ವರ್ಷ ಬೇಕಾದೀತು?

ಸಾರಾಭಾಯಿ ಈ ಸಾಲನ್ನೇ ತಲೆಕೆಳಗು ಮಾಡಿ ನೋಡಿದರು. ನೆಲದ ಮೇಲಿನ ಗೋಪುರಕ್ಕೆ ಹತ್ತಿರದ ಹಳ್ಳಿ, ದೂರದ ಹಳ್ಳಿ ಎಂಬ ಭೇದವಿದೆ. ಆಕಾಶದ ಉಪಗ್ರಹಕ್ಕೆ ಆ ಭೇದವಿಲ್ಲ. ಅದಕ್ಕೆ ದೆಹಲಿಯೂ ಒಂದೇ, ದೇವದುರ್ಗವೂ ಒಂದೇ. ದೇಶದ ಐದೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಬೇಕಾದರೆ ಗೋಪುರಗಳನ್ನು ಒಂದೊಂದಾಗಿ ಕಟ್ಟುತ್ತ ಹೋಗುವುದಕ್ಕಿಂತ ಉಪಗ್ರಹವೇ ಅಗ್ಗ ಎಂಬುದು ಅವರ ವಾದ. ಶ್ರೀಮಂತ ದೇಶಗಳು ಹತ್ತಿದ ಮೆಟ್ಟಿಲುಗಳನ್ನೆಲ್ಲ ನಾವೂ ಒಂದೊಂದಾಗಿ ಹತ್ತಬೇಕಿಲ್ಲ, ಕೆಲವನ್ನು ಹಾರಿಕೊಂಡು ಹೋಗಬಹುದು ಎಂದು ಅವರು ನಂಬಿದ್ದರು. ಬಡ ದೇಶಕ್ಕೆ ಬಾಹ್ಯಾಕಾಶ ಯಾಕೆ ಎಂದು ಕೇಳುವವರಿಗೆ ಅವರ ಉತ್ತರವೂ ಇದೇ ಆಗಿತ್ತು.

ಲೆಕ್ಕವೇನೋ ಸರಿ, ಆದರೆ ಉಪಗ್ರಹ ಎಲ್ಲಿದೆ? ನಮ್ಮಲ್ಲಿರಲಿಲ್ಲ. ಅಮೆರಿಕದ ನಾಸಾ ಸಂಸ್ಥೆ 'ಎಟಿಎಸ್-6' ಎಂಬ ಪ್ರಾಯೋಗಿಕ ಉಪಗ್ರಹವನ್ನು ಯೋಜಿಸುತ್ತಿತ್ತು. 1969ರ ಸೆಪ್ಟೆಂಬರ್‌ನಲ್ಲಿ ನಾಸಾ ಮತ್ತು ಭಾರತದ ಅಣುಶಕ್ತಿ ಇಲಾಖೆಯ ನಡುವೆ ಒಪ್ಪಂದವಾಯಿತು. ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಅವರು ಒದಗಿಸಬೇಕು. ನೆಲದ ಮೇಲಿನದೆಲ್ಲ, ಅಂದರೆ ಭೂಕೇಂದ್ರ, ಟಿವಿ ಪೆಟ್ಟಿಗೆ, ಕಾರ್ಯಕ್ರಮ, ರಿಪೇರಿ ಎಲ್ಲವೂ ನಮ್ಮದು. ಒಪ್ಪಂದ ಕೈಗೂಡುವುದನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ.

1972ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಹೊಣೆ ಹೊತ್ತವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್. ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದದ್ದು ಅವರ ಕಾಲದಲ್ಲೇ. ಅಹಮದಾಬಾದಿನಲ್ಲಿ ಯಶ್ ಪಾಲ್ ಅವರ ನೇತೃತ್ವದ ತಂಡ ಕೆಲಸಕ್ಕೆ ಇಳಿಯಿತು. ಸೈಟ್ ಯೋಜನೆಯ ನಿರ್ವಹಣೆ ಏಕನಾಥ ಚಿಟ್ನಿಸ್ ಅವರ ಪಾಲಿಗೆ ಬಂತು.

ಈ ನಡುವೆ ರಾಜಕೀಯದ ಗಾಳಿಯೂ ಜೋರಾಗಿ ಬೀಸಿತು. 1971ರ ಯುದ್ಧದಲ್ಲಿ ಅಮೆರಿಕ ಪಾಕಿಸ್ತಾನದ ಪರ ನಿಂತಿತ್ತು. 1974ರ ಮೇ 18ರಂದು ಭಾರತ ಪೋಖ್ರಾನಿನಲ್ಲಿ ಅಣುಸ್ಫೋಟ ನಡೆಸಿತು. ಎಟಿಎಸ್-6 ಆಕಾಶಕ್ಕೆ ಏರಿದ್ದು ಅದಾದ ಹನ್ನೆರಡೇ ದಿನಕ್ಕೆ, ಮೇ 30ರಂದು. ಆದರೂ ಒಪ್ಪಂದ ಮುರಿಯಲಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಮೂಲದ ಯು.ಆರ್. ರಾವ್ ಅವರ ತಂಡ ಕಟ್ಟಿದ 'ಆರ್ಯಭಟ' ಉಪಗ್ರಹವನ್ನು ಸೋವಿಯತ್ ರಷ್ಯಾ ಹಾರಿಸಿಕೊಟ್ಟದ್ದು 1975ರ ಏಪ್ರಿಲ್ 19ರಂದು. ಮೂರೇ ತಿಂಗಳ ಅಂತರದಲ್ಲಿ ರಷ್ಯಾದ ರಾಕೆಟ್, ಅಮೆರಿಕದ ಉಪಗ್ರಹ ಎರಡೂ ನಮ್ಮ ಕೆಲಸಕ್ಕೆ ಒದಗಿದವು. ಅಲಿಪ್ತ ನೀತಿಯನ್ನು ಗೇಲಿ ಮಾಡುವವರು ಈ ಎರಡು ತಾರೀಕುಗಳನ್ನು ಒಮ್ಮೆ ನೋಡಬೇಕು.

ಕೋಳಿಗೂಡಿನ ಜಾಲರಿ

ಉಪಗ್ರಹದ ಸಂಕೇತ ಹಿಡಿಯುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. 1970ರ ದಶಕದ ಆರಂಭದಲ್ಲಿ ಪುಣೆ ಬಳಿಯ ಆರ್ವಿಯಲ್ಲಿ ಕಟ್ಟಿದ ವಿಕ್ರಮ್ ಭೂಕೇಂದ್ರದ ಬಟ್ಟಲಿನಂಥ ಆಂಟೆನಾದ ಅಗಲವೇ ಸುಮಾರು 30 ಮೀಟರ್. ಅಂಥದ್ದನ್ನು ಹಳ್ಳಿಹಳ್ಳಿಯಲ್ಲಿ ನೆಡಲು ಸಾಧ್ಯವೇ? ಇಲ್ಲಿ ಎಟಿಎಸ್-6ರ ವಿಶೇಷ ನೆರವಿಗೆ ಬಂತು. ಆಕಾಶಕ್ಕೆ ಹೋದ ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವ 30 ಅಡಿ ಅಗಲದ ಆಂಟೆನಾ ಅದಕ್ಕಿತ್ತು. ದೊಡ್ಡ ಆಂಟೆನಾ ಮೇಲಿದ್ದರೆ ಸಂಕೇತವನ್ನು ಒಂದೇ ದಿಕ್ಕಿಗೆ ಒತ್ತಾಗಿ ಹರಿಸಬಹುದು, ಆಗ ಕೆಳಗೆ ಸಣ್ಣ ಆಂಟೆನಾ ಸಾಕು. ಭಾರ ಆಕಾಶದಲ್ಲಿ, ಹಗುರ ಹಳ್ಳಿಯಲ್ಲಿ.

ಹಳ್ಳಿಯ ಆಂಟೆನಾ ಎಷ್ಟು ಹಗುರವಾಗಿತ್ತೆಂದರೆ, ಅದನ್ನು ಮಾಡಿದ್ದು ಕೋಳಿಗೂಡಿಗೆ ಹೊದಿಸುವ ತಂತಿ ಜಾಲರಿಯಿಂದ. ಮೂರು ಮೀಟರ್ ಅಗಲ, ಕೊಡೆಯನ್ನು ಮಗುಚಿಟ್ಟ ಆಕಾರ. ತೂತುಗಳಿರುವ ಜಾಲರಿಯಲ್ಲಿ ಅಲೆಗಳು ಸೋರಿಹೋಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಹೋಗುವುದಿಲ್ಲ. ಹಳ್ಳಿಗೆ ಇಳಿಯುತ್ತಿದ್ದ ಸಂಕೇತದ ಆವರ್ತನ 860 ಮೆಗಾಹರ್ಟ್ಜ್. ಅಂಥ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕಿಂತ ತುಸು ಕಡಿಮೆ. ಅಲೆಯ ಉದ್ದಕ್ಕಿಂತ ತೂತು ಬಹಳ ಸಣ್ಣದಾಗಿದ್ದರೆ ಅಲೆಗೆ ಆ ತೂತು ತೂತಾಗಿ ಕಾಣುವುದೇ ಇಲ್ಲ. ಗೋಡೆಗೆ ಬಡಿದಂತೆ ಬಡಿದು ಹಿಂದಿರುಗುತ್ತದೆ. ಗಾಳಿ ಮಾತ್ರ ನಿರಾಳವಾಗಿ ದಾಟಿಹೋಗುತ್ತದೆ. ಬಯಲುಸೀಮೆಯ ಬಿರುಗಾಳಿಗೆ ತಗಡಿನ ಬಟ್ಟಲು ಹಾರಿಹೋದೀತು, ಜಾಲರಿ ನಿಲ್ಲುತ್ತದೆ. ಅಗ್ಗ, ಹಗುರ, ಸಾಗಿಸಲು ಸುಲಭ.

ಟಿವಿ ಪೆಟ್ಟಿಗೆಗಳನ್ನು ಮಾಡಿಕೊಟ್ಟದ್ದು ಹೈದರಾಬಾದಿನ ಸರ್ಕಾರಿ ಉದ್ಯಮ ಇಸಿಐಎಲ್. ಎಲ್ಲವೂ ಕಪ್ಪು-ಬಿಳುಪು. ಉಪಗ್ರಹದ ಸಂಕೇತವನ್ನು ಟಿವಿಗೆ ಅರ್ಥವಾಗುವಂತೆ ಬದಲಿಸುವ ಪುಟ್ಟ ಪೆಟ್ಟಿಗೆಯನ್ನು ಅಹಮದಾಬಾದಿನ ಎಂಜಿನಿಯರುಗಳು ರೂಪಿಸಿದರು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಸಿದರು. ಧೂಳು, ಮಳೆ, ಏರಿಳಿಯುವ ವೋಲ್ಟೇಜು, ಕೆಟ್ಟ ರಸ್ತೆ ಇಷ್ಟರ ನಡುವೆಯೂ ವರ್ಷದುದ್ದಕ್ಕೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪೆಟ್ಟಿಗೆಗಳು ಸುಸ್ಥಿತಿಯಲ್ಲಿದ್ದವು. ಊರಿನ ಬೋರ್‌ವೆಲ್ ಕೆಟ್ಟರೆ ತಿಂಗಳುಗಟ್ಟಲೆ ಕಾಯುವ ನಮಗೆ ಈ ಅಂಕಿ ತುಸು ನಂಬಲು ಕಷ್ಟವೇ.

ಅಹಮದಾಬಾದಿನ ಭೂಕೇಂದ್ರದಿಂದ ಮೇಲಕ್ಕೆ ಹೋದ ಕಾರ್ಯಕ್ರಮ, ಆಫ್ರಿಕಾ ಖಂಡದ ನೆತ್ತಿಯ ಮೇಲೆ, ಸಮಭಾಜಕ ವೃತ್ತದ ನೇರಕ್ಕೆ ನಿಂತಿದ್ದ ಉಪಗ್ರಹವನ್ನು ಮುಟ್ಟಿ ಹಳ್ಳಿಗೆ ಇಳಿಯುತ್ತಿತ್ತು. ಉಪಗ್ರಹ ಅಲ್ಲಿ ಮೊದಲಿನಿಂದ ಇರಲಿಲ್ಲ. ಅಮೆರಿಕ ಖಂಡದ ಮೇಲಿದ್ದ ಅದನ್ನು ಭಾರತದ ಈ ಪ್ರಯೋಗಕ್ಕಾಗಿಯೇ ಮೆಲ್ಲನೆ ಸರಿಸಿ ತಂದಿದ್ದರು.

ಒಂದು ಚಿತ್ರ, ಎರಡು ನುಡಿ

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಬೆಳಗಿನ ಹೊತ್ತನ್ನು ಸಮನಾಗಿ ಹಂಚಿಕೊಂಡವು. ಹಾಗಾಗಿ ಕನ್ನಡದ ಮಕ್ಕಳಿಗೆ ಸಿಕ್ಕದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಇಸ್ರೋ ತನ್ನ ಬೊಂಬಾಯಿ ಸ್ಟುಡಿಯೋದಲ್ಲಿ ತಯಾರಿಸಿತು.

ಸಂಜೆಯದು ಇನ್ನೂ ಬಿಗಿ. ಅರ್ಧ ಗಂಟೆ ದೆಹಲಿಯಿಂದ ಎಲ್ಲರಿಗೂ ಒಂದೇ ಹಿಂದಿ ಕಾರ್ಯಕ್ರಮ, ಉಳಿದದ್ದು ಭಾಷಾವಾರು. ಉಪಗ್ರಹಕ್ಕೆ ಒಮ್ಮೆಗೆ ಒಂದೇ ಚಿತ್ರವನ್ನು ಕಳುಹಿಸುವ ಸಾಮರ್ಥ್ಯವಿತ್ತು, ಆದರೆ ಧ್ವನಿಗೆ ಎರಡು ಹಾದಿಗಳಿದ್ದವು. ಇದನ್ನು ಬಳಸಿಕೊಂಡು ತೆಲುಗು ಮತ್ತು ಕನ್ನಡವನ್ನು ಜೊತೆ ಮಾಡಿದರು. ಚಿತ್ರ ಒಂದೇ, ಆಂಧ್ರದ ಹಳ್ಳಿಯಲ್ಲಿ ತೆಲುಗು ಕೇಳುತ್ತಿತ್ತು, ಅದೇ ಕ್ಷಣಕ್ಕೆ ಗಡಿಯ ಈಚೆಯ ಹಳ್ಳಿಯಲ್ಲಿ ಕನ್ನಡ. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಅಂದರೆ ಕನ್ನಡ ಟಿವಿಯ ತೊಟ್ಟಿಲು ತೂಗಿದ್ದು ಹೈದರಾಬಾದಿನಲ್ಲಿ! ಕನ್ನಡ ಟೆಲಿವಿಷನ್ನಿನ ಇತಿಹಾಸ ಹೇಳುವವರು ಈ ಸಂಗತಿಯನ್ನು ಯಾಕೋ ನೆನಪಿಸಿಕೊಳ್ಳುವುದೇ ಕಡಿಮೆ.

ಉಪಾಯ ಜಾಣತನದ್ದೇ. ಆದರೆ ಅದರಲ್ಲೇ ತೊಡಕೂ ಇತ್ತು. ಬೇಸಾಯದ ಮಾತು ಅಂದರೆ ಆಯಾ ಮಣ್ಣಿನ ಮಾತು. ತುಂಗಭದ್ರಾ ಕಾಲುವೆಯ ನೀರು ಬರುವ ರಾಯಚೂರಿನ ಗದ್ದೆಗೂ, ಮಳೆ ನಂಬಿ ಬಿಳಿಜೋಳ ಬಿತ್ತುವ ಬಿಜಾಪುರದ ಎರೆಭೂಮಿಗೂ ಒಂದೇ ಸಲಹೆ ಹೊಂದುವುದಿಲ್ಲ. ಇನ್ನು ಎರಡು ರಾಜ್ಯಗಳಿಗೆ ಒಂದೇ ಚಿತ್ರವೆಂದರೆ? ಹಿಂದಿ ಪ್ರದೇಶದ ಪಾಡು ಇದಕ್ಕಿಂತ ಕಷ್ಟ. ಛತ್ತೀಸ್‌ಗಢಿ ಆಡುವ ರಾಯಪುರದವರಿಗೂ ಮೈಥಿಲಿ ಆಡುವ ದರ್ಭಂಗಾದವರಿಗೂ ಒಂದೇ ಪುಸ್ತಕದ ಹಿಂದಿ. ಗ್ರಾಮೀಣ ಜನರ ಕೈಗೆ ತಂತ್ರಜ್ಞಾನ ಬಂತು ನಿಜ, ಅದರ ನಾಲಗೆ ಮಾತ್ರ ನಗರದ್ದಾಗಿತ್ತು.

ಜನ ಏನು ಪಡೆದರು?

ಈ ಪ್ರಯೋಗದ ಇನ್ನೊಂದು ಹೆಚ್ಚುಗಾರಿಕೆಯೆಂದರೆ, ಯಂತ್ರದ ಜೊತೆಗೇ ಅದರ ಪರಿಣಾಮವನ್ನೂ ಅಳೆಯುವ ವ್ಯವಸ್ಥೆ ಮಾಡಿಕೊಂಡದ್ದು. ಸಮಾಜಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು ಪ್ರಯೋಗಕ್ಕೆ ಮೊದಲು, ನಡುವೆ, ನಂತರ ಸಮೀಕ್ಷೆ ನಡೆಸಿದರು. ಕೆಲವರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ನೆಲೆಸಿದರು. ಎಂಜಿನಿಯರುಗಳ ಸಂಸ್ಥೆಯೊಂದು ಸಮಾಜ ವಿಜ್ಞಾನಿಗಳನ್ನು ಜೊತೆಗೆ ಕೂರಿಸಿಕೊಂಡದ್ದು ಆ ಕಾಲಕ್ಕೆ ಅಪರೂಪ, ಈಗಲೂ ಅಪರೂಪವೇ.

ಅವರು ಕಂಡದ್ದು ಮಿಶ್ರಫಲ. ಮೊದಲ ದಿನಗಳಲ್ಲಿ ಪ್ರತಿ ಪೆಟ್ಟಿಗೆಯ ಮುಂದೆ ನೂರಾರು ಮಂದಿ ಸೇರಿದರು. ಹೊಸತನ ಕಳೆದಂತೆ ಗುಂಪು ಕರಗಿ, ಸರಾಸರಿ ನೂರರ ಆಸುಪಾಸಿಗೆ ಬಂದು ನಿಂತಿತು. ಗಂಡಸರು, ಮಕ್ಕಳು ಹೆಚ್ಚು, ಹೆಂಗಸರು ಕಡಿಮೆ. ಸಂಜೆಯ ಹೊತ್ತಿಗೆ ಒಲೆಯ ಮುಂದೆ ಇರಬೇಕಾದವರು ಪಂಚಾಯಿತಿ ಕಟ್ಟೆಗೆ ಬರುವುದಾದರೂ ಹೇಗೆ? ಆದರೆ ಬಂದ ಹೆಂಗಸರು ಮತ್ತು ಅಕ್ಷರ ಬಾರದವರೇ ಆರೋಗ್ಯ, ಕುಟುಂಬ ಯೋಜನೆಗಳ ವಿಷಯದಲ್ಲಿ ಹೆಚ್ಚು ತಿಳಿದುಕೊಂಡರು. ಪತ್ರಿಕೆ ಓದಬಲ್ಲವನಿಗೆ ಟಿವಿ ಇನ್ನೊಂದು ಮೂಲ ಮಾತ್ರ. ಓದಲಾಗದವರಿಗೆ ಅದು ಮೊದಲ ಕಿಟಕಿ.

ಬೇಸಾಯದಲ್ಲಿ ಫಲ ಅಷ್ಟಾಗಿ ಕಾಣಲಿಲ್ಲ. ಕೈಯಿಂದ ಹೆಚ್ಚು ಹಣ ಹಾಕದೆ ಮಾಡಬಹುದಾದ ಸಲಹೆಗಳನ್ನು ರೈತರು ಪಾಲಿಸಿದರು, ಹಣವೋ ಹೊಸ ಸೌಕರ್ಯವೋ ಬೇಕಾದದ್ದನ್ನು ಬಿಟ್ಟರು. ಇದರಲ್ಲಿ ರೈತರ ತಪ್ಪೇನಿದೆ? ರಸಗೊಬ್ಬರ ಹಾಕಿ ಎಂದು ಟಿವಿ ಹೇಳಬಹುದು, ಸೊಸೈಟಿಯಲ್ಲಿ ಗೊಬ್ಬರ ಸಿಗುವಂತೆ ಮಾಡಲು ಟಿವಿಗೆ ಆಗದು.

ಚೆನ್ನಾಗಿ ಫಲ ಕೊಟ್ಟದ್ದು ಶಿಕ್ಷಕರ ತರಬೇತಿ. ಎರಡು ಕಂತುಗಳಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಪಾಠ ಮಾಡುವ ಬಗೆಯನ್ನು ಟಿವಿಯ ಮೂಲಕ, ಜೊತೆಗೆ ಮಾರ್ಗದರ್ಶಕರ ನೆರವಿನಿಂದ ಕಲಿಸಿದರು. ಇಲ್ಲಿ ಬರೀ ನೋಡುವುದಿರಲಿಲ್ಲ. ನೋಡಿದ ಮೇಲೆ ಮಾತು, ಚರ್ಚೆ, ಕೈಯಾರೆ ಮಾಡುವ ಪ್ರಯೋಗ ಇದ್ದವು. ಟಿವಿ ತಾನಾಗಿ ಕಲಿಸುವುದಿಲ್ಲ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಾಗ ಕಲಿಸುತ್ತದೆ ಎಂಬುದು ಇಲ್ಲಿ ಗೊತ್ತಾಯಿತು.

ಮೇಲಿನಿಂದ ಕೆಳಕ್ಕೆ

ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ಕಥೆ ಅಪೂರ್ಣ. ಇಂದಿರಾ ಗಾಂಧಿ ಅವರು ಸೈಟ್ ಪ್ರಯೋಗವನ್ನು ಉದ್ಘಾಟಿಸಿದ ಹೊತ್ತಿಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಾಗಿ ತಿಂಗಳು ದಾಟಿತ್ತಷ್ಟೆ. 1975ರ ಜೂನ್ 25ರ ನಂತರ ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದವರಿಗೆ ಜೈಲು. ಒಪ್ಪಂದವಾದದ್ದು 1969ರಲ್ಲಿ, ಹಾಗಾಗಿ ತುರ್ತು ಪರಿಸ್ಥಿತಿಗಾಗಿ ಸೈಟ್ ಹುಟ್ಟಿತು ಎನ್ನುವುದು ಅನ್ಯಾಯ. ಆದರೆ ಸರ್ಕಾರದ ದನಿ ಆಕಾಶದಿಂದ ನೇರವಾಗಿ ಹಳ್ಳಿಗೆ ಇಳಿಯುವ ವ್ಯವಸ್ಥೆ, ಸರ್ಕಾರದ ದನಿ ಬಿಟ್ಟು ಬೇರೆ ದನಿ ಇಲ್ಲದ ವರ್ಷದಲ್ಲೇ ಕೆಲಸ ಆರಂಭಿಸಿತು ಎಂಬುದು ಚರಿತ್ರೆಯ ವಿಪರ್ಯಾಸ. ಅರ್ಧ ಗಂಟೆಯ ರಾಷ್ಟ್ರೀಯ ಕಾರ್ಯಕ್ರಮ ಯಾರ ಮಾತನ್ನು ಹೇಳಿರಬಹುದೆಂದು ವಿವರಿಸಬೇಕಿಲ್ಲ. ಹಳ್ಳಿಯಿಂದ ಮೇಲಕ್ಕೆ ಮಾತು ಹೋಗುವ ದಾರಿ ಆ ಯಂತ್ರದಲ್ಲಿ ಇರಲೇ ಇಲ್ಲ. 1850ರ ದಶಕದ ತಂತಿಯಲ್ಲಾದರೂ ಹಣ ಕೊಟ್ಟರೆ ಮರುತಂತಿ ಕಳುಹಿಸಬಹುದಿತ್ತು!

ಇದಕ್ಕೆ ಪ್ರತಿಯಾದ ಪ್ರಯತ್ನವೊಂದು ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಅದೇ ವರ್ಷ ಆರಂಭವಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಪಿಜ್ ಎಂಬ ಹಳ್ಳಿಯಲ್ಲಿ ಇಸ್ರೋ ಒಂದು ಸಣ್ಣ ಪ್ರೇಷಕ ಇಟ್ಟು ಸ್ಥಳೀಯ ಕಾರ್ಯಕ್ರಮ ಪ್ರಸಾರ ಮಾಡಿತು. ಹಳ್ಳಿಗರೇ ನಟಿಸಿದರು, ತಮ್ಮ ಊರಿನ ಕೂಲಿ, ಜಾತಿ, ಜಗಳಗಳನ್ನು ತಾವೇ ಹೇಳಿಕೊಂಡರು. 1984ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿಯೂ ಬಂತು. ಪಿಜ್ ಮಾದರಿಯನ್ನು ನಮ್ಮ ಮೂರು ಜಿಲ್ಲೆಗಳಲ್ಲಿ ಒಂದರಲ್ಲಾದರೂ ಮಾಡಿದ್ದರೆ ಉತ್ತರ ಕರ್ನಾಟಕದ ಮಾತು ಕನ್ನಡ ಟಿವಿಯಲ್ಲಿ ಕೇವಲ ಹಾಸ್ಯದ ಸರಕಾಗಿ ಉಳಿಯುತ್ತಿರಲಿಲ್ಲವೇನೋ.

ಜುಲೈ 31ರ ನಂತರ

ಒಪ್ಪಂದ ಒಂದು ವರ್ಷದ್ದು. 1976ರ ಜುಲೈ 31ರಂದು ಪ್ರಸಾರ ನಿಂತಿತು, ಎಟಿಎಸ್-6 ಅಮೆರಿಕದ ಕಡೆಗೆ ಮರಳಿತು. ಸಾವಿರಾರು ಹಳ್ಳಿಗಳಲ್ಲಿ ಜಾಲರಿಯ ಕೊಡೆಗಳು ಖಾಲಿ ಆಕಾಶವನ್ನು ನೋಡುತ್ತ ನಿಂತವು. ಎರವಲು ಉಪಗ್ರಹದ ಮಿತಿ ಏನೆಂಬುದು ಆ ಸಂಜೆ ಆ ಹಳ್ಳಿಗಳಿಗೆ ಗೊತ್ತಾದಷ್ಟು ದೆಹಲಿಗೆ ಗೊತ್ತಾಗಿರಲಾರದು. ಅಂಥ ಒಂದು ಗ್ರಾಹಕ ಪೆಟ್ಟಿಗೆಯನ್ನು ಇಸ್ರೋದವರು ಶ್ರೀಲಂಕಾದಲ್ಲಿ ನೆಲೆಸಿದ್ದ ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೆ ಕೊಟ್ಟಿದ್ದರು. ಸಂಪರ್ಕ ಉಪಗ್ರಹಗಳ ಕಲ್ಪನೆಯನ್ನು 1945ರಲ್ಲೇ ಬರೆದಿಟ್ಟ ಅವರಿಗೆ ಸಂದ ಗೌರವ ಅದು.

ಪ್ರಯೋಗ ನಡೆದ ಪ್ರದೇಶಗಳಲ್ಲಿ ಕೆಲವು ಕಡೆ ನೆಲದ ಪ್ರೇಷಕಗಳನ್ನು ಹಾಕಿ ಪ್ರಸಾರ ಮುಂದುವರಿಸಿದರು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಬಂದದ್ದು ಹೀಗೆ. ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ಆದರೆ ಗೋಪುರಕ್ಕೆ ಮತ್ತದೇ ಹಳೆಯ ಮಿತಿ: ಹತ್ತಿರದ ಹಳ್ಳಿಗಳಿಗೆ ಸಿಕ್ಕಿತು, ದೂರದವಕ್ಕೆ ಇಲ್ಲ.

ಸೈಟ್ ಕಲಿಸಿದ ಪಾಠದ ಮೇಲೆ ಸ್ವಂತ ಉಪಗ್ರಹ ವ್ಯವಸ್ಥೆ ಇನ್ಸಾಟ್ ರೂಪುಗೊಂಡಿತು. ಅದನ್ನು ನಿಯಂತ್ರಿಸುವ ಕೇಂದ್ರ 1982ರಲ್ಲಿ ನಮ್ಮ ಹಾಸನದಲ್ಲಿ ಆರಂಭವಾಯಿತು. ಮೊದಲನೆಯ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟರೂ, 1983ರ ಇನ್ಸಾಟ್-1ಬಿ ಯಶಸ್ವಿಯಾಯಿತು. ಇವೆರಡೂ ಅಮೆರಿಕದಲ್ಲಿ ತಯಾರಾದವು. ನಮ್ಮವರೇ ಕಟ್ಟಿದ ಇನ್ಸಾಟ್ ಹಾರಲು 1992 ಬಂತು. ಯಂತ್ರದ ಮಟ್ಟಿಗೆ ಸಾರಾಭಾಯಿ ಕನಸು ನನಸಾಯಿತು ಎನ್ನಬಹುದು.

ಕಾರ್ಯಕ್ರಮದ ಮಟ್ಟಿಗೆ? ಸೈಟ್ ನಡೆಯುತ್ತಿದ್ದಾಗಲೇ, 1976ರ ಜನವರಿಯಲ್ಲಿ, ದೂರದರ್ಶನದಲ್ಲಿ ಜಾಹೀರಾತು ಶುರುವಾಗಿತ್ತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಣ್ಣ ಬಂತು. ಇನ್ಸಾಟ್ ಬಂದ ಮೇಲೆ ಊರೂರಿಗೆ ಕಡಿಮೆ ಶಕ್ತಿಯ ಪ್ರೇಷಕಗಳು ಎದ್ದವು. ಅವುಗಳಲ್ಲಿ ಹರಿದದ್ದು ಬಹುಪಾಲು ದೆಹಲಿಯ ಹಿಂದಿ ಧಾರಾವಾಹಿ ಮತ್ತು ಸಾಬೂನಿನ ಜಾಹೀರಾತು. ಬಿತ್ತನೆಯ ಮಾತು ಹಿಂದಕ್ಕೆ ಸರಿಯಿತು. 1990ರ ದಶಕದಲ್ಲಿ ಕೇಬಲ್ ಬಂದ ಮೇಲಂತೂ ಹೇಳುವುದೇ ಬೇಡ.

ಹಳೆಯ ಕನಸು ಮತ್ತೊಮ್ಮೆ ತಲೆಯೆತ್ತಿದ್ದು 2004ರಲ್ಲಿ. ಆ ವರ್ಷದ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ, ನಮ್ಮದೇ ರಾಕೆಟ್ಟಿನಲ್ಲಿ, ಶಿಕ್ಷಣಕ್ಕೆಂದೇ ಮೀಸಲಾದ 'ಎಜುಸ್ಯಾಟ್' ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿದ್ದವು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. ಈ ಬಾರಿ ಕಾಲೇಜುಗಳ ವಿದ್ಯಾರ್ಥಿಗಳು ಕುಳಿತಲ್ಲಿಂದಲೇ ಪಾಠ ಮಾಡುವವರನ್ನು ಪ್ರಶ್ನೆ ಕೇಳಬಹುದಿತ್ತು. ಆರು ವರ್ಷ ಕೆಲಸ ಮಾಡಿ 2010ರಲ್ಲಿ ಆ ಉಪಗ್ರಹವೂ ನಿವೃತ್ತವಾಯಿತು.